ತಂಗಿಯ ವಿಮಾನಕ್ಕೊಂದು ನಾಲ್ಕಂಕಿ ನಂಬರು

ತಂಗಿ ಮೊದಲ ಸಲ ವಿಮಾನ ಹತ್ತಿದ ರಾತ್ರಿ ನಾನು ಸಂತೆಬಾಚಹಳ್ಳಿಯ ಮನೆಯಲ್ಲಿದ್ದೆ. ಬೆಂಗಳೂರಿನಿಂದ ದುಬೈಗೆ, ಹೊಸ ಕೆಲಸಕ್ಕೆ. ನನಗೆ ಆನ್-ಕಾಲ್ ಡ್ಯೂಟಿ ಇದ್ದದ್ದರಿಂದ ಮಾವ ಹೋಗಿ ಬಿಟ್ಟು ಬಂದರು. ನಾನು, ಅಪ್ಪ, ಅವ್ವ ಮೂವರೂ ಫೋನಿನ ಆ್ಯಪ್‌ನಲ್ಲಿ ಅವಳ ವಿಮಾನ ಹೋಗೋದನ್ನೇ ನೋಡ್ತಾ ಕೂತಿದ್ವಿ. ಕರಾವಳಿ ದಾಟಿ ಸ್ವಲ್ಪ ಹೊತ್ತಿಗೆ ಚುಕ್ಕಿ ಮಾಯ.

“ಏನ್ಲಾ, ಎಲ್ಲೋಯ್ತು ಅದು?” ಅಂದರು ಅಪ್ಪ. ಅವ್ವ ಏನೂ ಅನ್ನಲಿಲ್ಲ, ಎದ್ದು ದೇವರ ಮನೆ ದೀಪಕ್ಕೆ ಎಣ್ಣೆ ಹಾಕಿದ್ಲು. 2014ರ ಮಾರ್ಚ್‌ನಲ್ಲಿ ಮಲೇಷ್ಯಾದ ಎಂಎಚ್370 ಕಾಣೆಯಾದ ಸುದ್ದಿಯನ್ನ ಟಿವಿಯಲ್ಲಿ ವಾರಗಟ್ಟಲೆ ನೋಡಿದ ಮನೆ ನಮ್ಮದು.

ಸಮಾಧಾನ ಹೇಳಬೇಕಾದರೆ ಮೊದಲು ನನಗೇ ಗೊತ್ತಿರಬೇಕಲ್ಲ! ಆ ರಾತ್ರಿ ಕೂತು ಓದಿದೆ.

ವಿಮಾನದಲ್ಲಿ ಟ್ರಾನ್ಸ್‌ಪಾಂಡರ್ ಅಂತ ಒಂದು ಪೆಟ್ಟಿಗೆ ಇರುತ್ತೆ. ನೆಲದ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ “ಯಾರು ನೀನು?” ಅಂತ ಕೇಳಿದರೆ, ಇದು 1090ರಲ್ಲಿ ಉತ್ತರ ಕೊಡುತ್ತೆ: ನನ್ನ ನಂಬರು ಇದು, ನಾನಿರೋ ಎತ್ತರ ಇಷ್ಟು. ಆ ನಂಬರನ್ನ ಹೊರಡೋ ಮೊದಲು ಕಂಟ್ರೋಲರ್ ಕೊಡ್ತಾರೆ, ಪೈಲಟ್ ಅದನ್ನ ತಿರುಗಿ ಓದಿ ಹೇಳಿ ಸೆಟ್ ಮಾಡ್ತಾರೆ. ನಾಲ್ಕೇ ಅಂಕಿ, ಅದೂ 0ಯಿಂದ 7ರವರೆಗೆ ಮಾತ್ರ. 8, 9 ಇಲ್ಲವೇ ಇಲ್ಲ. ಹನ್ನೆರಡು ಬಿಟ್, ಒಟ್ಟು 4096 ಕೋಡ್. (ಲಿನಕ್ಸ್‌ನಲ್ಲಿ 755 ಪರ್ಮಿಷನ್ ಕೊಟ್ಟವರಿಗೆ ಈ ಆಕ್ಟಲ್ ಹೊಸದೇನಲ್ಲ.)

ಅಪ್ಪನಿಗೆ ಹಸುವಿನ ಕಿವಿಯ ಹಳದಿ ಟ್ಯಾಗ್ ತೋರಿಸಿ ಹೇಳಿದೆ. ಆ ಟ್ಯಾಗಿನ ಹಾಗೆ ಖಾಯಂ ಆದ 24 ಬಿಟ್‌ನ ವಿಳಾಸವೂ ವಿಮಾನಕ್ಕೆ ಇರುತ್ತೆ. ಈ ನಾಲ್ಕಂಕಿ ಮಾತ್ರ ಬ್ಯಾಂಕಿನ ಟೋಕನ್ ಥರ, ಇವತ್ತು ಇವರಿಗೆ, ನಾಳೆ ಇನ್ನೊಬ್ಬರಿಗೆ.

ಮೂರು ನಂಬರ್ ಮಾತ್ರ ಯಾರಿಗೂ ಟೋಕನ್ ಆಗಿ ಸಿಗಲ್ಲ. 7500 ಅಂದರೆ ಅಪಹರಣ, 7600 ಅಂದರೆ ರೇಡಿಯೋ ಕೆಟ್ಟಿದೆ, 7700 ಅಂದರೆ ತುರ್ತು ಪರಿಸ್ಥಿತಿ. ಹಾಗಾಗಿ ಒಂದೊಂದೇ ಅಂಕಿ ತಿರುಗಿಸೋ ಹಳೇ ಯಂತ್ರದಲ್ಲಿ 3700ರಿಂದ 7200ಕ್ಕೆ ಹೋಗುವಾಗ ಮೊದಲ ಅಂಕಿಯನ್ನೇ ಮೊದಲು ಬದಲಿಸಿದರೆ ಒಂದು ಕ್ಷಣ 7700 ಬಂದುಬಿಡುತ್ತೆ. ಎರಡನೇ ಅಂಕಿ ಮೊದಲು ತಿರುಗಿಸಬೇಕು. ನಮ್ಮ ಕಡೆ ಇಂಥ ಬಗ್ ಬಂದರೆ ಒಂದು ಟಿಕೆಟ್, ಒಂದು ಬೈಗುಳ, ಅಷ್ಟೇ.

ಎತ್ತರ ಹೇಳೋದು ಎಷ್ಟು ಮುಖ್ಯ ಅನ್ನೋದು 1996ರ ನವೆಂಬರ್ 12ರಂದು ಗೊತ್ತಾಯ್ತು. ಹರಿಯಾಣದ ಚರ್ಖಿ ದಾದ್ರಿ ಮೇಲೆ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನ ಡಿಕ್ಕಿ ಹೊಡೆದು 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಕಜಕ್ ವಿಮಾನ 15,000 ಅಡಿಯಲ್ಲೇ ನಿಲ್ಲಬೇಕಿತ್ತು, ಅದಕ್ಕಿಂತ ಕೆಳಗಿಳಿದಿತ್ತು. ಅವತ್ತು ದೆಹಲಿಯ ರೇಡಾರ್ ಪರದೆಯಲ್ಲಿ ಎತ್ತರ ಕಾಣುತ್ತಲೇ ಇರಲಿಲ್ಲ. ಆಮೇಲೆ ನಮ್ಮ ದೇಶದಲ್ಲಿ ಡಿಕ್ಕಿ ತಪ್ಪಿಸೋ ಯಂತ್ರ ಕಡ್ಡಾಯವಾಯ್ತು. ಅದು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರನ್ನೇ ವಿಚಾರಿಸಿ, ಹತ್ತಿರ ಬಂದರೆ ಪೈಲಟ್‌ಗೆ ಏರು, ಇಳಿ ಅಂತ ಕೂಗಿ ಹೇಳುತ್ತೆ.

ಸರಿ, ಚುಕ್ಕಿ ಯಾಕೆ ಮಾಯವಾಯ್ತು? ಆ್ಯಪ್‌ಗೆ ಮಾಹಿತಿ ಬರೋದು ಹೆಚ್ಚಾಗಿ ಜನ ತಮ್ಮ ಮಹಡಿ ಮೇಲೆ ಇಟ್ಟಿರೋ ಪುಟ್ಟ ರಿಸೀವರ್‌ಗಳಿಂದ. ಅವಕ್ಕೆ ಎತ್ತರದ ವಿಮಾನ ಸಿಗೋದು ಸುಮಾರು 400 ಕಿಲೋಮೀಟರ್‌ವರೆಗೆ. ಅರಬ್ಬಿ ಸಮುದ್ರದ ಮಧ್ಯೆ ಯಾರ ಮಹಡಿ ಇದೆ? ಟ್ರಾನ್ಸ್‌ಪಾಂಡರ್ ಕೂಗ್ತಾನೇ ಇರುತ್ತೆ, ಕೇಳಿಸಿಕೊಳ್ಳೋ ಕಿವಿ ಇರಲ್ಲ ಅಷ್ಟೇ. ಅಲ್ಲಿ ಪೈಲಟ್‌ಗಳು ರೇಡಿಯೋದಲ್ಲೋ ಸ್ಯಾಟಲೈಟ್ ಮೂಲಕವೋ ತಾವೆಲ್ಲಿದ್ದೀವಿ ಅಂತ ಕಂಟ್ರೋಲರ್‌ಗೆ ತಿಳಿಸ್ತಾರೆ.

“ಇಷ್ಟೇ ಕಣವ್ವ” ಅಂದೆ. ಅವ್ವ ನಂಬಿದ್ಲೋ ಇಲ್ವೋ, ಮಲಗಲಂತೂ ಇಲ್ಲ.

ಒಮಾನ್ ಹತ್ತಿರ ಚುಕ್ಕಿ ಮತ್ತೆ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಫೋನ್ ಕಿತ್ಕೊಂಡ್ರು. “ನಮ್ ಹುಡುಗಿ ಇಮಾನದ ಟೋಕನ್ ಎಷ್ಟ್ಲಾ?”