ಲಕ್ಷ ಬೀಜ, ಒಂದೇ ಬೆಡಗು

ಚಿತ್ರದುರ್ಗದಿಂದ ದಾವಣಗೆರೆಯತ್ತ ಸಾಗುವ ಹೆದ್ದಾರಿಯಲ್ಲಿ ಭರಮಸಾಗರ ಸಿಗುತ್ತದೆ. ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಊರೂ ಕೆರೆಯೂ ಇಂದಿಗೂ ಹೊತ್ತುಕೊಂಡಿವೆ. ಆ ಕೆರೆಗೆ ಅನತಿದೂರದ ಒಂದು ತೋಪಿನಲ್ಲಿ, ಹಳೆಯ ಮಾವಿನ ಮರದ ಕವಲಿನ ಮೇಲೆ, ಬೇಸಗೆಯ ಒಂದು ಬೆಳಿಗ್ಗೆ ಹೂಬಿಟ್ಟ ಆರ್ಕಿಡ್ ಒಂದನ್ನು ಕಂಡೆ. ಹಳದಿ ಬೆರೆತ ಎಸಳುಗಳ ಮೇಲೆ ಕಂದುಬಣ್ಣದ ಚೌಕುಳಿ, ನಡುವೆ ನೀಲಿಗೆಂಪಿನ ತುಟಿ, ಹತ್ತಿರ ಹೋದರೆ ನವುರಾದ ಪರಿಮಳ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ವಾಂಡಾ ಟೆಸ್ಸೆಲೇಟಾ ಎಂದು ಹೆಸರು. ಮಲೆನಾಡಿನ ಸೀತಾಳೆದಂಡೆಗೆ ಇದು ದಾಯಾದಿ. ಆದರೆ ಬಿಸಿಲನ್ನು ಸಹಿಸಿಕೊಂಡು ಬಯಲುಸೀಮೆಯಲ್ಲಿ ಸಂಸಾರ ಹೂಡಿದ ದಾಯಾದಿ.

ತೋಪಿನ ಯಜಮಾನರು ಕುಡುಗೋಲು ಹಿಡಿದೇ ಬಂದಿದ್ದರು. "ಅದು ಬದನಿಕೆ ಸ್ವಾಮಿ, ಮರದ ಸಾರ ಹೀರ್ತೈತೆ" ಎಂದರು. ಅವರ ಮಾತನ್ನು ನಗುವಂತಿಲ್ಲ. ಈ ಗಿಡಕ್ಕೆ ವಾಂಡಾ ಎಂದು ಹೆಸರಿಟ್ಟ ಸರ್ ವಿಲಿಯಂ ಜೋನ್ಸ್ ಸಹ ಆ ಶಬ್ದವನ್ನು ಸಂಸ್ಕೃತದಿಂದಲೇ ಎತ್ತಿಕೊಂಡನು. ಅಲ್ಲಿ ಆ ಮಾತು ಮರದ ಮೇಲೆ ಬೆಳೆಯುವ ಬದನಿಕೆಗೂ ಸಲ್ಲುತ್ತದೆ. ವಾಸ್ತವದಲ್ಲಿ ಬದನಿಕೆ ಮರದ ಕೊಂಬೆಯೊಳಗೆ ಬೇರನ್ನು ನುಗ್ಗಿಸಿ ರಸ ಹೀರುತ್ತದೆ; ವಾಂಡಾ ತೊಗಟೆಯನ್ನು ಹಿಡಿದು ಕುಳಿತಿರುತ್ತದೆ, ಅಷ್ಟೆ. ಅದರ ದಪ್ಪ ಬೇರುಗಳು ಮಳೆಯ ನೀರನ್ನೂ ಇಬ್ಬನಿಯನ್ನೂ ಕುಡಿಯುತ್ತವೆ. ಯಜಮಾನರು ಕುಡುಗೋಲು ಕೆಳಗಿಟ್ಟು, ನನ್ನನ್ನು ನಂಬಿದರೋ ಇಲ್ಲವೋ, "ಇರ್ಲಿ ಬಿಡಿ" ಎಂದರು.

ಒಂದು ಗಿಡ ಹೋದರೆ ಏನಾಯಿತು, ಲಕ್ಷ ಬೀಜ ಬಿಡುವ ಕುಲವಲ್ಲವೆ ಎಂದು ತಾವು ಕೇಳಬಹುದು. ಆರ್ಕಿಡ್ಡಿನ ಬೀಜವೆಂದರೆ ಹುಡಿ. ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್ಡನ್ನು ತೆಗೆದುಕೊಂಡು, ಒಂದೇ ಗಿಡದಲ್ಲಿ 1,86,300 ಬೀಜಗಳೆಂದು ಲೆಕ್ಕ ಹಾಕಿದನು. ಎಲ್ಲವೂ ಬದುಕಿದರೆ ಅದರ ಮರಿಮಕ್ಕಳ ಹೊತ್ತಿಗೆ ಭೂಮಿಯ ನೆಲವೆಲ್ಲ ಬಹುಮಟ್ಟಿಗೆ ಮುಚ್ಚಿಹೋಗಬೇಕಿತ್ತು. ಹಾಗಾಗದಂತೆ ತಡೆಯುವುದು ಯಾವುದೆಂಬುದು ಅವನಿಗೆ ತಿಳಿಯಲಿಲ್ಲ. ಉತ್ತರದ ಒಂದು ಪಾಲು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರನಿಗೆ ಸಿಕ್ಕಿತು. ಈ ಹುಡಿಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ತಕ್ಕ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಅದು ಬದುಕುತ್ತದೆ. ಗಾಳಿಗೆ ಹಾರಿದ ಲಕ್ಷದಲ್ಲಿ ತಕ್ಕ ತೊಗಟೆಗೆ, ತಕ್ಕ ಶಿಲೀಂಧ್ರದ ಬಳಿಗೆ ಬಂದು ಬೀಳುವುದು ಎಷ್ಟು? ಬೆರಳೆಣಿಕೆಯಷ್ಟಿರಬಹುದು, ಒಂದೂ ಇಲ್ಲದಿರಬಹುದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಬೇರೆ ಹೂಗಳಲ್ಲಿ ಪರಾಗ ಪುಡಿಪುಡಿಯಾಗಿ ಉದುರುತ್ತದೆ; ದುಂಬಿಯ ಮೈಗೆ ಹತ್ತು ಗಿಡಗಳ ಪರಾಗ ಹತ್ತಿ ಬೆರೆಯುತ್ತದೆ. ಆರ್ಕಿಡ್ ಹಾಗಲ್ಲ. ಅದು ತನ್ನ ಪರಾಗವನ್ನೆಲ್ಲ ಗಂಟುಕಟ್ಟಿ, ಗಂಟಿನ ತುದಿಗೆ ಅಂಟು ಹಚ್ಚಿ, ಬಂದ ಕೀಟದ ತಲೆಗೆ ಇಡಿಯಾಗಿ ಅಂಟಿಸಿಬಿಡುತ್ತದೆ. ಆ ಗಂಟು ಮತ್ತೊಂದು ಹೂವನ್ನು ಸೇರಿದರೆ ಒಂದೇ ಏಟಿಗೆ ಸಾವಿರಾರು ಅಂಡಗಳಿಗೆ ಪರಾಗ ದೊರೆಯಿತು. ಸೇರದಿದ್ದರೆ ಎಲ್ಲವೂ ಹೋಯಿತು. ಜೂಜೆಂದರೆ ಇದು! ಸೋಲುವುದೇ ಹೆಚ್ಚು. ಪ್ರಪಂಚದ ನಾನಾ ಕಡೆಯ ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮಕರಂದ ಮುಂತಾದ ಪ್ರತಿಫಲ ಕೊಡುವ ಆರ್ಕಿಡ್ ಜಾತಿಗಳಲ್ಲಿ ನೂರಕ್ಕೆ ಸುಮಾರು 37 ಹೂಗಳು, ಏನನ್ನೂ ಕೊಡದೆ ಕೀಟವನ್ನು ವಂಚಿಸುವ ಜಾತಿಗಳಲ್ಲಿ ಸುಮಾರು 21 ಹೂಗಳು ಮಾತ್ರ ಕಾಯಿಗಟ್ಟುತ್ತವೆಂದು ಕಂಡುಬಂತು.

ಗೆದ್ದ ಕಾಯಿಯ ಕಥೆಯನ್ನು ಗಮನಿಸಿ. ಅದರೊಳಗಿನ ಬೀಜಗಳಿಗೆಲ್ಲ ತಾಯಿ ಒಂದೇ. ಬಹುಮಟ್ಟಿಗೆ ತಂದೆಯೂ ಒಂದೇ. ಅವೆಲ್ಲ ಒಡಹುಟ್ಟಿದವು. ಒಂದು ತೋಪಿನ ಮರಗಳ ಮೇಲೆ ಒಂದೇ ಕಾಯಿಯಿಂದ ಹಾರಿಬಂದ ಇಪ್ಪತ್ತು ಗಿಡಗಳಿದ್ದರೆ, ಕಣ್ಣಿಗೆ ಇಪ್ಪತ್ತು. ತಳಿವಿಜ್ಞಾನಿಯ ಲೆಕ್ಕದಲ್ಲಿ ಒಂದೇ ಮನೆ. ನಮ್ಮ ಹಳ್ಳಿಗಳಲ್ಲಿ ಸಂಬಂಧ ಕೂಡಿಸುವ ಮುನ್ನ ಬೆಡಗು ಕೇಳುವುದುಂಟು. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ. ಗಿಡಕ್ಕೆ ಕೇಳುವವರಿಲ್ಲ. ಆರ್ಕಿಡ್ಡುಗಳಲ್ಲಿ ಬಹುಪಾಲಿನವು ತಮ್ಮದೇ ಪರಾಗದಿಂದಲೂ ಕಾಯಿಗಟ್ಟಬಲ್ಲವು. ಹತ್ತಿರದ ರಕ್ತ ತಲೆಮಾರುಗಟ್ಟಲೆ ಕೂಡುತ್ತ ಹೋದರೆ ಮರೆಯಲ್ಲಿದ್ದ ದೋಷಗಳು ಮೇಲೆ ಬರುತ್ತವೆ. ಗಿಡಗಳ ಸಂಖ್ಯೆ ತಗ್ಗಿದಲ್ಲಿ ಕೆಲವು ಗುಣಗಳು, ಒಳ್ಳೆಯವೆಂಬ ಕೆಟ್ಟವೆಂಬ ಭೇದವಿಲ್ಲದೆ, ಬರಿಯ ಆಕಸ್ಮಿಕದಿಂದಲೇ ಅಳಿದುಹೋಗುತ್ತವೆ. ಇದನ್ನೆಲ್ಲ ತಡೆಯುವುದು ದೂರದಿಂದ ಬರುವ ಒಂದು ಪರಾಗದ ಗಂಟು, ಗಾಳಿ ತರುವ ಒಂದು ಬೀಜ. ಬೀಜ ಧೂಳಿನಷ್ಟು ಹಗುರವಾಗಿರುವುದರಿಂದಲೇ ಆರ್ಕಿಡ್ಡುಗಳ ಬೇರೆಬೇರೆ ನೆಲೆಗಳ ನಡುವೆ ರಕ್ತಸಂಬಂಧ ಸಾಮಾನ್ಯವಾಗಿ ಕಡಿಯದೆ ಉಳಿದು ಬಂದಿದೆ.

ಬರಿಗಣ್ಣಿಗೆ ಕಾಣದ ಈ ಸಂಪತ್ತನ್ನು ಅಳೆಯುವ ಕೆಲಸ ನಮ್ಮಲ್ಲಿ ಶ್ರೀಗಂಧದ ಮೇಲೆ ನಡೆದಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕೆ. ಎನ್. ಗಣೇಶಯ್ಯ (ಕಾದಂಬರಿಗಳ ಮೂಲಕ ತಮಗೆ ಪರಿಚಿತರಾದ ಗಣೇಶಯ್ಯನವರೇ) ತಮ್ಮ ಸಂಗಡಿಗರೊಡನೆ ದಕ್ಷಿಣ ಭಾರತದ ಗಂಧದ ಮರಗಳ ಕಿಣ್ವಗಳನ್ನು ಪರೀಕ್ಷಿಸಿ, ತಳಿವೈವಿಧ್ಯ ಎಲ್ಲಿ ದಟ್ಟವಾಗಿದೆ ಎಂಬುದರ ನಕ್ಷೆ ಬರೆದರು. ಎಷ್ಟು ಮರಗಳಿವೆ ಎಂಬ ಪ್ರಶ್ನೆಯ ಪಕ್ಕದಲ್ಲಿ ಎಷ್ಟು ಬಗೆಯವಿವೆ ಎಂಬ ಪ್ರಶ್ನೆಯನ್ನೂ ಇರಿಸಿದ್ದು ಆ ಕೆಲಸದ ಹಿರಿಮೆ.

1922ರಲ್ಲಿ ಅಮೆರಿಕದ ಲೂಯಿಸ್ ಕ್ನುಡ್ಸನ್ ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಅಗರಿನ ಮೇಲೆ ಆರ್ಕಿಡ್ ಬೀಜವನ್ನು ಮೊಳೆಯಿಸಿ ತೋರಿಸಿದನು. ಅಂದಿನಿಂದ ಒಂದೇ ಕಾಯಿಯಿಂದ ಸಾವಿರ ಸಸಿಗಳನ್ನು ಎಬ್ಬಿಸುವುದು ಕಷ್ಟವಲ್ಲ. ಆದರೆ ಆ ಸಾವಿರವನ್ನು ಸಾವಿರ ಮರಗಳಿಗೆ ಕಟ್ಟಿದರೂ ಬೆಡಗು ಒಂದೇ. ನನಗಂತೂ ಹತ್ತು ಊರಿನ ಹತ್ತು ಕಾಯಿಗಳಿಂದ ಬಂದ ನೂರು ಸಸಿಗಳೇ ಮೇಲು.

ಮಳೆಗಾಲದಲ್ಲಿ ಮತ್ತೆ ಆ ತೋಪಿಗೆ ಹೋದೆ. ಹೂಗೊಂಚಲಿದ್ದ ಕಡೆ ಒಂದೇ ಒಂದು ಕಾಯಿ ನಿಂತಿತ್ತು. ಸುತ್ತ ಹುಡುಕಿದಾಗ ಕೆರೆಯ ಆಚೆ, ಒಂದು ಹುಣಸೆಯ ಮೇಲೆ ಇನ್ನೊಂದು ವಾಂಡಾ ಕಂಡಿತು. ನಡುವೆ ಬರಿಯ ಮೆಕ್ಕೆಜೋಳದ ಹೊಲ. ಆ ಕಾಯಿಯ ತಂದೆ ಹುಣಸೆಯ ಮೇಲಿನದೋ, ಅದೇ ಗೊಂಚಲಿನ ಪಕ್ಕದ ಹೂವೋ, ನೋಡಿ ಹೇಳುವಂತಿರಲಿಲ್ಲ. "ಕಾಯಿ ಬಿಟ್ಟೈತಲ್ಲ, ಇನ್ನೇನು ಬೇಕು?" ಎಂದರು ಯಜಮಾನರು. ನಾನು ಹುಣಸೆಯ ಮರ ಯಾರದೆಂದು ವಿಚಾರಿಸಿದೆ.