ಯಂತ್ರ ಹೋಯಿತು, ಆಟ ಉಳಿಯಿತು

1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಮುಂಡರಗಿ, ಶಿರಹಟ್ಟಿ ಅದರ ತಾಲ್ಲೂಕುಗಳಾದವು. ಲಕ್ಷ್ಮೇಶ್ವರ ಆಗಿನ್ನೂ ಶಿರಹಟ್ಟಿ ತಾಲ್ಲೂಕಿನೊಳಗಿನ ಪಟ್ಟಣ. ಅದೇ ವರ್ಷದ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ತಂತ್ರಾಂಶದ ಮೊದಲ ಆವೃತ್ತಿ ಹೊರತಂದರು. ನಾಣ್ಯ ಹಾಕಿ ಆಡುವ ದೊಡ್ಡ ಆಟದ ಯಂತ್ರಗಳನ್ನು ಸಾಮಾನ್ಯ ಕಂಪ್ಯೂಟರಿನೊಳಗೆ ಮರಳಿ ಕಟ್ಟುವ ತಂತ್ರಾಂಶ ಅದು. ಏಪ್ರಿಲ್‌ನಲ್ಲಿ ‘ನೆಸ್ಟಿಕಲ್’ ಬಂತು. ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಪೆಟ್ಟಿಗೆಯ ಕೆಲಸವನ್ನು ಅದು ಕಂಪ್ಯೂಟರಿನಲ್ಲೇ ಮಾಡಿ ತೋರಿಸಿತು.

ಈ ಸುದ್ದಿ ಆಗ ನಮ್ಮ ಕಡೆ ಬರಲಿಲ್ಲ. ಗದಗ-ಬೆಟಗೇರಿಯ ಓಣಿಗಳಲ್ಲಿ ಮನೆಗೊಂದು ಕಂಪ್ಯೂಟರ್ ಎನ್ನುವ ಕಾಲ ಅದಲ್ಲ. ನಮಗೆ ಗೊತ್ತಿದ್ದದ್ದು ‘ಟಿವಿ ಗೇಮ್’. ಎರಡು ರಿಮೋಟು, ಒಂದು ಅಡಾಪ್ಟರು, ಹಳದಿ ಬಣ್ಣದ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಒಳಗೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತುತ್ತಿದ್ದವು. ಚಿತ್ರ ಮೂಡದಿದ್ದರೆ ಕ್ಯಾಸೆಟ್ಟು ತೆಗೆದು ಊದಿ ಹಾಕುವುದು. ‘ಈ ಸ್ಟೇಜ್ ಮುಗಿಸಿ ಕೊಡ್ತೀನಿ, ತಡಿಲೇ’ ಎನ್ನುವುದು. ಆಟ ಕೊನೆಗೆ ಬರುವ ಹೊತ್ತಿಗೆ ಕರೆಂಟು ಹೋಗುವುದು. ಬೇಸಿಗೆ ರಜೆಯ ಮಧ್ಯಾಹ್ನಗಳು ಹೀಗೇ ಕಳೆಯುತ್ತಿದ್ದವು.

ಆ ಪೆಟ್ಟಿಗೆಗಳು ಇಂದು ಬಹುಪಾಲು ಕೆಟ್ಟಿವೆ, ಇಲ್ಲವೇ ಗುಜರಿ ಸೇರಿವೆ. ಆದರೆ ಆಟಗಳು ಹೋಗಿಲ್ಲ. ಮನೆಯ ಮೂಲೆಯಲ್ಲಿರುವ ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲೂ ಅವು ಓಡುತ್ತವೆ. ಅದನ್ನು ಸಾಧ್ಯವಾಗಿಸಿರುವ ತಂತ್ರಾಂಶವೇ ಎಮ್ಯುಲೇಟರ್. ನಾಸ್ಟಾಲ್ಜಿಯಾದ ಆಟಿಕೆ ಎಂದು ಅದನ್ನು ಬದಿಗಿಡುವವರಿದ್ದಾರೆ. ನನ್ನ ಮಟ್ಟಿಗೆ ಅದು ನಮ್ಮ ಕಾಲದ ಸ್ಮೃತಿಯನ್ನು ಕಾಯುವ ಸಾಧನ, ನಮ್ಮ ಊರುಗಳಿಗೆ ತುರ್ತಾಗಿ ಬೇಕಾದ ಸಾಧನ.

ಹಾಡಿಗೆ ನಕಲು ಸಾಕು, ಆಟಕ್ಕೆ ಸಾಲದು

ಭೀಮಸೇನ ಜೋಶಿ ಹುಡುಗರಾಗಿದ್ದಾಗ ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನಸೋತರು, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದರು. ಈ ಕಥೆ ನಮ್ಮ ಊರಿನ ಮಕ್ಕಳಿಗೂ ಗೊತ್ತು. ಆ ಗ್ರಾಮಫೋನ್ ಇಂದಿಲ್ಲ. ಖಾನರ ದನಿ ಮೊಬೈಲಿನಲ್ಲಿದೆ. ಒಮ್ಮೆ ತಟ್ಟೆಯನ್ನು ನುಡಿಸಿ ದನಿಯನ್ನು ಬೇರೆಡೆ ಮುದ್ರಿಸಿಕೊಂಡರೆ ಹಾಡು ಉಳಿಯಿತು.

ವಿಡಿಯೋ ಗೇಮ್ ಹಾಗೆ ಉಳಿಯುವುದಿಲ್ಲ. ಯಾರೋ ಆಡಿದ್ದನ್ನು ಚಿತ್ರೀಕರಿಸಿಟ್ಟರೆ ಅದು ಸಿನಿಮಾ ಆದೀತು, ಆಟವಾಗದು. ಗುಂಡಿ ಒತ್ತಿದಾಗ ಆಟದ ನಾಯಕ ಮಾರಿಯೋ ಹಾರಬೇಕು, ತಡವಾದರೆ ಹಳ್ಳಕ್ಕೆ ಬೀಳಬೇಕು. ಅಂದರೆ ಆಟದ ಜೊತೆಗೆ ಆ ಯಂತ್ರದ ನಡವಳಿಕೆಯೂ ಉಳಿಯಬೇಕು. ಎಮ್ಯುಲೇಟರ್ ಮಾಡುವುದು ಇದನ್ನೇ. ಕ್ಯಾಸೆಟ್ಟಿನ ಚಿಪ್ಪಿನಲ್ಲಿದ್ದ ಮಾಹಿತಿಯನ್ನು ‘ರೋಮ್’ ಎಂಬ ಕಡತವಾಗಿ ಓದಿಕೊಂಡು, ಹಳೆಯ ಪ್ರೊಸೆಸರ್ ಆ ಆಜ್ಞೆಗಳನ್ನು ಹೇಗೆ ಪಾಲಿಸುತ್ತಿತ್ತೋ ಹಾಗೆಯೇ ಒಂದೊಂದಾಗಿ ಪಾಲಿಸುತ್ತದೆ. ಚಿತ್ರದ ಚಿಪ್ಪು, ಧ್ವನಿಯ ಭಾಗ, ರಿಮೋಟು ಎಲ್ಲದರ ಪಾತ್ರವನ್ನೂ ತಾನೇ ವಹಿಸುತ್ತದೆ.

1983ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಫ್ಯಾಮಿಕಾಮ್ ನಮ್ಮ ಟಿವಿ ಗೇಮುಗಳ ಮೂಲ. ಮಸಾಯುಕಿ ಉಎಮುರಾ ರೂಪಿಸಿದ ಯಂತ್ರ ಅದು. ನಮ್ಮ ಕೈಗೆ ಬಂದವು ಬಹುಪಾಲು ಅದರ ನಕಲುಗಳು. ಅದರ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಕೇವಲ 2 ಕೆಬಿ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನ 32 ಹಂತಗಳು, ಕೋಜಿ ಕೊಂಡೊ ಅವರ ಸಂಗೀತ, ಎಲ್ಲ ಸೇರಿ 40 ಕೆಬಿ. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದಾರೆ. ಎಮ್ಯುಲೇಟರಿನಲ್ಲಿ ಆಟ ನಿಲ್ಲಿಸಿ ನೋಡಿ, ಇಷ್ಟು ಬಡತನದಲ್ಲಿ ಅಷ್ಟು ದೊಡ್ಡ ಲೋಕ ಕಟ್ಟಿದವರ ಜಾಣ್ಮೆ ಕಾಣುತ್ತದೆ.

ಮಾರಿಯೋ ಯಾಕೆ ಜೋರಾಗಿ ಓಡುತ್ತಾನೆ?

ವರ್ಷಗಳ ನಂತರ ಎಮ್ಯುಲೇಟರಿನಲ್ಲಿ ಆಡಿದವರಲ್ಲಿ ಕೆಲವರಿಗೆ ಒಂದು ಅನುಮಾನ ಬರುತ್ತದೆ: ಆಟ ಹಿಂದಿಗಿಂತ ಜೋರಾಗಿ ಓಡುತ್ತಿದೆ, ಹಾಡೂ ಬೇಗ ಮುಗಿಯುತ್ತಿದೆ. ನಿಮ್ಮ ನೆನಪು ಸುಳ್ಳಲ್ಲ. ಜಪಾನ್, ಅಮೆರಿಕಗಳ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ಭಾರತದ್ದು ಪಾಲ್ ಪದ್ಧತಿ, 50 ಸಲ. ಪಾಲ್ ಟಿವಿಗೆಂದು ತಯಾರಾದ ನಕಲು ಪೆಟ್ಟಿಗೆಗಳಲ್ಲಿ ಅದೇ ಆಟ ಆರನೆಯ ಒಂದು ಪಾಲು ನಿಧಾನವಾಗಿ ಓಡುತ್ತಿತ್ತು. ‘ಎಫ್‌ಸಿಇಯುಎಕ್ಸ್’, ‘ಮೆಸೆನ್’ ಎಂಬ ಎಮ್ಯುಲೇಟರುಗಳಲ್ಲಿ ‘ಡೆಂಡಿ’ ಎಂಬ ಆಯ್ಕೆ ಇದೆ. 1992ರಲ್ಲಿ ರಷ್ಯಾದಲ್ಲಿ ಬಂದ ಇಂಥದ್ದೇ ನಕಲು ಪೆಟ್ಟಿಗೆಯ ಹೆಸರು ಅದು. ಅದನ್ನು ಆರಿಸಿದರೆ ನಿಮ್ಮ ಬಾಲ್ಯದ ವೇಗ ಮರಳುತ್ತದೆ. ಎಲ್ಲೋ ಇರುವ ಉತ್ಸಾಹಿಗಳು ಸಂಬಳವಿಲ್ಲದೆ ಕೂತು, ಮೂಲ ಯಂತ್ರದ ಜೊತೆಗೆ ಅದರ ನಕಲಿನ ಗುಣವನ್ನೂ ಹೀಗೆ ದಾಖಲಿಸಿದ್ದಾರೆ. ಈ ಶ್ರದ್ಧೆಗೆ ಕೈ ಮುಗಿಯಬೇಕು.

ಎಲ್ಲವೂ ಮರಳುವುದಿಲ್ಲ ಎಂಬುದೂ ನಿಜ. ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ನ ಬಂದೂಕು ಹೊಸ ಎಲ್‌ಇಡಿ ಟಿವಿಗೆ ಹಿಡಿದರೆ ಕೆಲಸ ಮಾಡದು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿಯ ಚೌಕ ಮಿಂಚುತ್ತಿತ್ತು. ಬಂದೂಕಿನ ಕಣ್ಣು ಆ ಬೆಳಕನ್ನು ಹಿಡಿಯುತ್ತಿತ್ತು. ಹಳೆಯ ಡಬ್ಬಿ ಟಿವಿಯ ತಕ್ಷಣದ ಬೆಳಕು ಹೊಸ ಪರದೆಯಲ್ಲಿ ಕೊಂಚ ತಡವಾಗಿ ಬರುತ್ತದೆ. ಎಮ್ಯುಲೇಟರಿನಲ್ಲಿ ಮೌಸೇ ಬಂದೂಕು. ಆಟ ಉಂಟು, ಭುಜಕ್ಕೆ ಬಂದೂಕು ಆನಿಸಿದ ಖುಷಿ ಇಲ್ಲ.

ಇಬ್ಬರು ಸೇರಿ ಆಡಬಹುದಾದ ‘ಕಾಂಟ್ರಾ’ ಮಾತ್ರ ಪೂರ್ತಿ ಮರಳುತ್ತದೆ, ಜೊತೆಗೊಬ್ಬರಿದ್ದರೆ. ಮೂರನೆಯ ಸ್ಟೇಜಿನ ಜಲಪಾತದಲ್ಲಿ ಮೇಲೆ ಹೋದವನು ಅವಸರ ಮಾಡಿದರೆ ಕೆಳಗುಳಿದ ಜೊತೆಗಾರ ಸಾಯುತ್ತಾನೆ. ಕಾದು ಹತ್ತಬೇಕು. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡಿದರೆ ಕೀಲಿಗಳು ಒಟ್ಟಿಗೆ ಒತ್ತಿದಾಗ ಕೆಲವು ಕೆಲಸ ಮಾಡವು; ಆದ್ದರಿಂದ ಎರಡು ಯುಎಸ್‌ಬಿ ರಿಮೋಟು ತನ್ನಿ. ಇನ್ನೊಂದು ಉಪಕಾರವೆಂದರೆ ‘ಸೇವ್ ಸ್ಟೇಟ್’. ಆಗ ಕರೆಂಟು ಹೋದರೆ ಮಾರಿಯೋ ಮತ್ತೆ ಮೊದಲನೇ ಸ್ಟೇಜಿಗೆ. ಈಗ ಯಾವ ಕ್ಷಣದಲ್ಲಿ ಬೇಕಾದರೂ ಆಟವನ್ನು ಉಳಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು.

ಪ್ರಿನ್ಸ್, ಡೇವ್ ಮತ್ತು ಒಂದು ಹಳೆಯ ಡಬ್ಬಿ

ಟಿವಿ ಗೇಮಿನ ನಂತರ ಬಂದದ್ದು ಕಂಪ್ಯೂಟರ್ ಕ್ಲಾಸು. ಡಾಸ್ ಕಲಿಯಲು ಹೋಗಿ ‘ಡೇವ್’, ‘ಪ್ರಿನ್ಸ್’ ಆಡಿ ಬಂದವರು ಎಷ್ಟು ಜನವೋ. ಆ ಆಟಗಳಿಗೆ ಇಂದು ‘ಡಾಸ್‌ಬಾಕ್ಸ್’ ಎಂಬ ಎಮ್ಯುಲೇಟರ್ ಇದೆ. ‘ಪ್ರಿನ್ಸ್ ಆಫ್ ಪರ್ಶಿಯಾ’ ರಚಿಸಿದ ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೋ ತೆಗೆದು, ಅದರಿಂದ ರಾಜಕುಮಾರನ ನಡಿಗೆ ಬಿಡಿಸಿದರು. 1989ರ ಆ ಆಟದ ಮೂಲ ಸಂಕೇತ ಕಳೆದೇ ಹೋಗಿದೆ ಎಂದುಕೊಂಡಿದ್ದಾಗ, 2012ರಲ್ಲಿ ಅವರ ತಂದೆಗೆ ಮನೆಯ ಡಬ್ಬಿಯೊಂದರಲ್ಲಿ ಹಳೆಯ ಡಿಸ್ಕುಗಳು ಸಿಕ್ಕವು. ತಜ್ಞರು ಅವನ್ನು ಓದಿ ತೆಗೆದರು. ಮೆಕ್ನರ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು.

ಎಲ್ಲ ಆಟಗಳಿಗೆ ಆ ಅದೃಷ್ಟ ಇಲ್ಲ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು.

ಕಾನೂನಿನ ಮಾತೂ ಹೇಳಬೇಕು. ಎಮ್ಯುಲೇಟರ್ ತಂತ್ರಾಂಶ ಬೇರೆ, ಆಟದ ಹಕ್ಕು ಬೇರೆ. ಸೋನಿ ಕಂಪನಿ ಹೂಡಿದ್ದ ಮೊಕದ್ದಮೆಯಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಎಮ್ಯುಲೇಟರ್ ತಯಾರಕರ ಪರ ನಿಂತಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದು ನಾಶವಾಗದಂತೆ ಕಾಯಲು ಇನ್ನೊಂದು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಎಲ್ಲಿಂದಲೋ ರೋಮ್ ಇಳಿಸಿಕೊಳ್ಳುವುದು ಆ ಅವಕಾಶದೊಳಗೆ ಬರುವುದಿಲ್ಲ. ವೈರಸ್ಸಿನ ಅಪಾಯವೂ ಇದೆ. ನೇರ ದಾರಿಗಳಿವೆ. 2019ರ ‘ಮೈಕ್ರೊ ಮೇಜಸ್’ನಂಥ ಆಟಗಳನ್ನು ಹಳೆಯ ಯಂತ್ರಕ್ಕೆಂದೇ ಹೊಸದಾಗಿ ಬರೆದು ಮಾರುತ್ತಾರೆ, ಅದೂ ಮಾರಿಯೋನಂತೆ 40 ಕೆಬಿಯದ್ದೇ.

ಮುದ್ರಣ ಕಾಶಿಗೆ ಒಂದು ಮಾತು

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ಡಿಟಿಪಿಗೆ ಬಂದಾಗ ಮಠದ ಗ್ರಂಥ, ಜಾತ್ರೆಯ ಪತ್ರಿಕೆ, ಅಭಿನಂದನಾ ಸಂಪುಟ, ಲಗ್ನಪತ್ರಿಕೆ ಎಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಹೋದವು. ಆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಂದಿನ ಕನ್ನಡ ಫಾಂಟುಗಳ ಸಂಕೇತ ಇಂದಿನ ಯುನಿಕೋಡ್ ಅಲ್ಲ. 16 ಬಿಟ್‌ನ ಹಳೆಯ ತಂತ್ರಾಂಶಗಳು 64 ಬಿಟ್ ವಿಂಡೋಸಿನಲ್ಲಿ ತೆರೆಯುವುದೇ ಇಲ್ಲ. ಫ್ಲಾಪಿಯ ಕಾಂತಶಕ್ತಿ ಕುಂದುತ್ತದೆ, ಸಿಡಿಯ ಪದರ ಹಾಳಾಗುತ್ತದೆ.

ಮಾರಿಯೋನನ್ನು ಬದುಕಿಸಿದ ಉಪಾಯವೇ ಇಲ್ಲಿಯೂ ನಡೆಯುತ್ತದೆ. ‘86ಬಾಕ್ಸ್’, ‘ಕೆಮು’ವಿನಂಥ ಎಮ್ಯುಲೇಟರುಗಳು ಹಳೆಯ ಕಂಪ್ಯೂಟರನ್ನೇ ಹೊಸದರೊಳಗೆ ಕಟ್ಟಿಕೊಡುತ್ತವೆ. ಪ್ರೆಸ್ಸಿನವರ ಬಳಿ ಇರುವ ಹಳೆಯ ವಿಂಡೋಸ್ ಸಿಡಿಯನ್ನು, ತಾವು ಕೊಂಡ ಪೇಜ್‌ಮೇಕರನ್ನು, ಫಾಂಟನ್ನು ಅದರಲ್ಲಿ ಹಾಕಿದರೆ ಇಪ್ಪತ್ತೈದು ವರ್ಷದ ಹಿಂದಿನ ಪುಟ ಇದ್ದ ಹಾಗೆಯೇ ತೆರೆಯಬಲ್ಲದು. ಅಲ್ಲಿಂದ ಪಿಡಿಎಫ್ ಮಾಡಿ, ಅಕ್ಷರವನ್ನು ಯುನಿಕೋಡಿಗೆ ತಂದರೆ ಮೊಮ್ಮಕ್ಕಳೂ ಓದಬಹುದು. ಗೇಮಿಗಾಗಿ ಎಮ್ಯುಲೇಟರ್ ಹಾಕಲು ಕಲಿತ ಹುಡುಗನಿಗೆ, ಹುಡುಗಿಗೆ ಈ ಕೆಲಸ ಕಷ್ಟವೇನಲ್ಲ.

ಆದ್ದರಿಂದ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರಲ್ಲಿ ಒಂದು ವಿನಂತಿ. ಈ ಭಾನುವಾರ ಅಟ್ಟದ ಮೇಲಿನ ಡಬ್ಬಿ ಕೆಳಗಿಳಿಸಿ. ಕ್ಯಾಸೆಟ್ಟು, ಫ್ಲಾಪಿ, ಸಿಡಿ ಏನಿದ್ದರೂ ಗುಜರಿಗೆ ಹಾಕಬೇಡಿ. ಒಣಬಟ್ಟೆಯಿಂದ ಒರೆಸಿ, ಹೆಸರು-ವರ್ಷ ಬರೆದು ಇಡಿ. ಓದಲು ಬರುವ ಡಿಸ್ಕುಗಳನ್ನು ಇಂದೇ ಎರಡು ಕಡೆ ನಕಲು ಮಾಡಿ. ಸಂಜೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಂಟ್ರಾ ಆಡಿ, ಆಮೇಲೆ ಈ ಯಂತ್ರ ಹೇಗೆ ಮರಳಿ ಬಂತು ಎಂದು ಅವರಿಗೆ ವಿವರಿಸಿ. ಅದನ್ನು ತಿಳಿದ ಮಕ್ಕಳೇ ನಾಳೆ ನಮ್ಮ ಊರಿನ ಹಳೆಯ ಪುಟಗಳನ್ನೂ ತೆರೆಯಬಲ್ಲರು.