ಮೇಘಭಂಡಾರವೂ ಅದರ ಕೀಲಿಕೈಯೂ

ಹಿಂದೆ ಶಾಲೆಯ ದಾಖಲಾತಿ ಪುಸ್ತಕವು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿರುತ್ತಿತ್ತು. ಕೀಲಿಕೈ ಅವರ ಜೇಬಿನಲ್ಲಿ. ಇಂದು ಅರೆಕೆರೆಯೇ ಮೊದಲಾದ ಬಡಾವಣೆಗಳಲ್ಲಿ ಮಗುವಿನ ಜನ್ಮದಿನಾಂಕ, ಜಾತಿ, ಆಧಾರ್ ಸಂಖ್ಯೆ, ದಾನಿಗಳ ಪ್ಯಾನ್ ಸಂಖ್ಯೆ ಇವೆಲ್ಲ ‘ಕ್ಲೌಡ್’ ಎಂಬ ದತ್ತಭಂಡಾರವನ್ನು ಸೇರುತ್ತಿವೆ. ಮೇಘವೆಂಬ ಹೆಸರೇ ಭ್ರಾಂತಿಜನಕ. ಅದು ಆಕಾಶದಲ್ಲಿಲ್ಲ, ಮುಂಬಯಿ, ಹೈದರಾಬಾದುಗಳಂಥ ನಗರಗಳಲ್ಲಿ ಅನ್ಯರು ಕಟ್ಟಿಸಿದ ಬಾಡಿಗೆಯ ಉಗ್ರಾಣವದು.

ಉಗ್ರಾಣ ಪರರದಾದ ಮೇಲೆ ಕೀಲಿಕೈ ಯಾರಲ್ಲಿರಬೇಕೆಂಬುದೇ ಮುಖ್ಯ ಪ್ರಶ್ನೆ. ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಇರಿಸುವ ಕ್ರಮವುಂಟು. ಆದರೆ ಅದನ್ನು ಬಿಡಿಸುವ ಕೀಲಿಯೂ ಉಗ್ರಾಣದವರ ವಶದಲ್ಲೇ ಇದ್ದರೆ ಹೊರಗಿನ ಕಳ್ಳನಿಂದ ರಕ್ಷಣೆಯುಂಟು, ಒಳಗಿನವರಿಂದಿಲ್ಲ. ಕೀಲಿಯನ್ನು ಸಂಸ್ಥೆಯೇ ಇರಿಸಿಕೊಳ್ಳಬಹುದಾದರೂ ಅಲ್ಲೊಂದು ತೊಡಕಿದೆ: ಗೂಢಲಿಪಿಯಲ್ಲಿರುವುದನ್ನು ಯಂತ್ರವು ಸುಲಭವಾಗಿ ಹುಡುಕಲಾರದು, ಕೂಡಿಸಲಾರದು. ಬಿಡಿಸದೆಯೇ ಗಣಿಸುವ ವಿಧಾನವೊಂದನ್ನು 2009ರಲ್ಲಿ ಕ್ರೇಗ್ ಜೆಂಟ್ರಿ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಆದರೆ ಅದು ನಿತ್ಯದ ಬಳಕೆಗೆ ಬಹು ನಿಧಾನ. ಆದುದರಿಂದ ಆಧಾರ್, ಆರೋಗ್ಯದಂಥ ವಿವರಗಳನ್ನು ಮಾತ್ರ ಸ್ವಂತ ಕೀಲಿಯಿಂದ ಮುಚ್ಚಿ, ಉಳಿದುದನ್ನು ಯಾರು ನೋಡಬಹುದೆಂದು ಕಟ್ಟುಪಾಡು ವಿಧಿಸುವುದು ಯುಕ್ತ. ಕಚೇರಿಯ ಸಮಸ್ತರೂ ಒಂದೇ ಗುಪ್ತಪದವನ್ನು ಬಳಸುವಲ್ಲಿ ಈ ಕಟ್ಟುಪಾಡು ನಿರರ್ಥಕವೆಂದು ಹೇಳಬೇಕಾಗಿಲ್ಲವಷ್ಟೆ.

ಈ ಗೋಪ್ಯತೆಗೆ ಸಂವಿಧಾನದ ಬಲವನ್ನು ತಂದವರಲ್ಲಿ ಅಗ್ರಗಣ್ಯರು ಕನ್ನಡ ನಾಡಿನವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2018ರ ತೀರ್ಪು ಆಧಾರನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯಪಡಿಸಲಾಗದೆಂದಿತು. ಶಾಲೆಗಳವರು ಈ ಮಾತನ್ನು ಮರೆತಂತಿದೆ. ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಂತೆ ಹೊಣೆಯು ವಿವರಗಳನ್ನು ಪಡೆದ ಸಂಸ್ಥೆಯದೇ. ಉಗ್ರಾಣದವರ ಮೇಲೆ ಹೊರಿಸುವಂತಿಲ್ಲ. ಭದ್ರತೆಯ ಲೋಪಕ್ಕೆ ದಂಡವು 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. 18 ವರ್ಷ ತುಂಬದವರ ವಿವರಗಳಿಗೆ ತಂದೆತಾಯಿಗಳ ಸಮ್ಮತಿ ಬೇಕು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳನ್ನಿತ್ತಿವೆಯಾದರೂ ಭದ್ರತೆಯ ಹೊಣೆಯಿಂದ ಬಿಡುಗಡೆಯಿತ್ತಿಲ್ಲ.

ಉದ್ದೇಶ ತೀರಿದ ವಿವರವನ್ನು ಅಳಿಸಬೇಕೆಂದೂ ಕಾನೂನು ವಿಧಿಸುತ್ತದೆ. ಶಾಲೆ ಬಿಟ್ಟು ಹತ್ತು ವರ್ಷವಾದವನ ವರ್ಗಾವಣೆ ಪತ್ರದ ನಮೂದು ಉಳಿಯಬೇಕಾದುದೇ ಸರಿ. ಅವನ ತಂದೆಯ ಬ್ಯಾಂಕ್ ಖಾತೆಯ ಸಂಖ್ಯೆಗೆ ಇನ್ನೂ ಅಲ್ಲೇನು ಕೆಲಸ?